ಅವ್ವನಿಗೆ ಮುಟ್ಟದ ಸುದ್ದಿ

ನಮ್ಮವ್ವ ಹರಿಹರದಾಕೆ. ನನ್ನನ್ನು ದಾವಣಗೆರೆಗೆ ಕೊಟ್ಟರು. ನಡುವೆ ಇರೋದು ಹದಿನಾಲ್ಕು ಕಿಲೋಮೀಟರ್. ಬಸ್ಸು ನಡುದಾರಿಯ ಬಾತಿ ಊರಿನಲ್ಲಿ ನಿಂತು, ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು ಹೋದರೂ ಮುಕ್ಕಾಲು ತಾಸಿನ ದಾರಿ. ಆದರೂ ನಾನು ತವರಿನಿಂದ ಹೊರಟೆನೆಂದರೆ, ನಾನು ಮನೆ ಮುಟ್ಟಿದ ಸುದ್ದಿ ಬರುವ ತನಕ ಅವ್ವ ಬಾಯಿಗೆ ತುತ್ತು ಇಡುತ್ತಿರಲಿಲ್ಲ. ಅವಳ ಅವ್ವನೂ ಹಾಗೇ ಇದ್ದಳಂತೆ. "ದಾರ್ಯಾಗೆ ಇರೋರು ಹಸ್ಕೊಂಡಿರ್ತಾರೆ, ಮನ್ಯಾಗೆ ಕುಂತೋರು ಹೆಂಗೆ ಉಣ್ಣೋದು?" ಅನ್ನುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ನಾನು ದಾವಣಗೆರೆಯಲ್ಲಿ ಇಳಿದವಳೇ ವಾಪಸ್ಸು ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿ ಕಳಿಸುತ್ತಿದ್ದೆ. "ಬಸ್‌ಸ್ಟ್ಯಾಂಡಿನ ಹೂವಿನಾಕೆಗೆ ಹೇಳಿಬಿಡಪ್ಪ, ನಮ್ಮವ್ವಗೆ ಮುಟ್ಟಿಸ್ತಾಳೆ." ಕಂಡಕ್ಟರು ಹೂವಿನಾಕೆಗೆ, ಹೂವಿನಾಕೆ ನಮ್ಮ ಓಣಿಯ ಯಾರಿಗೋ, ಅವರು ಅವ್ವನಿಗೆ. ಒಂದು ದಿನವೂ ತಪ್ಪಿದ್ದಿಲ್ಲ. ಆಮೇಲೆ ಪಕ್ಕದ ಮೇಷ್ಟ್ರ ಮನೆಗೆ ಫೋನ್ ಬಂತು. ನಾನು ನಮ್ಮ ಅಂಗಡಿಯಿಂದ ಫೋನ್ ಮಾಡಿದರೆ ಮೇಷ್ಟ್ರ ಹೆಂಡತಿ ಕಾಂಪೌಂಡ್ ಮೇಲಿಂದ, "ನಿನ್ನ ಮಗಳು ಮುಟ್ಟಿದಾಳಂತೆ, ಉಣ್ಣು ಏಳು" ಅಂತ ಕೂಗುತ್ತಿದ್ದರು. ಅವ್ವ ಏಳುತ್ತಿದ್ದಳು.

ನಮ್ಮ ಯಜಮಾನರು ಇದನ್ನು ಆಡಿಕೊಂಡು ನಗುತ್ತಿದ್ದರು. "ನಿಮ್ಮವ್ವ ಉಪಾಸ ಇದ್ರೆ ಬಸ್ಸು ಪಂಚರ್ ಆಗಲ್ಲೇನು?"

ಇನ್ನೊಂದು ಅವ್ವ ಕಲಿಸಿದ್ದು, ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಮೂರು ಗೆರೆಗೆ ಮೂರು ಉಪಕಾರ ನೆನೆಯೋದು. ನಿನ್ನೆ ಶಿವ ನಮಗೆ ಮಾಡಿದ್ದು. ದೊಡ್ಡದೇ ಆಗಬೇಕೆಂದಿಲ್ಲ. ಹಾಲು ಒಡೆಯಲಿಲ್ಲ, ಒಂದು. ಮಳೆ ಬರೋದರೊಳಗೆ ಬಟ್ಟೆ ಒಣಗಿದವು, ಎರಡು. ವಾರಗಿತ್ತಿ ಬಾಯಿ ಮಾಡಲಿಲ್ಲ, ಮೂರು. ಹಣೆಯ ಮೇಲೆ ಬೆರಳು ಎಳೆಯುತ್ತ ಮೂರು ಸಿಕ್ಕಿದರೆ ಆವತ್ತಿನ ದಿನ ನಡೆದುಹೋಗುತ್ತದೆ ಅನ್ನುತ್ತಿದ್ದಳು. ನಾನು ಇವತ್ತಿಗೂ ಬಿಟ್ಟಿಲ್ಲ. ಮೂರನೇ ಗೆರೆಗೆ ಬಂದಾಗ ಕೈ ನಿಲ್ಲುವ ದಿನಗಳು ಮಾತ್ರ ಜಾಸ್ತಿ ಆಗಿವೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೈಯಲ್ಲಿ ಮೊಬೈಲು ಇನ್ನೂ ಬಂದಿರಲಿಲ್ಲ. ನಮ್ಮದು ಪಂಪ್‌ಸೆಟ್ಟು, ಪೈಪಿನ ಅಂಗಡಿ. ಭಾವನವರು, ಅಂದರೆ ಯಜಮಾನರ ಅಣ್ಣ, ಮತ್ತು ಇವರು ಸೇರಿ ನಡೆಸುತ್ತಿದ್ದರು. ಮನೆ ದಾವಣಗೆರೆಯ ಆನೆಕೊಂಡದಲ್ಲಿ, ಗೋಡೌನು ಕರೂರಿನ ಕಡೆ ಫ್ಯಾಕ್ಟರಿಗಳ ಸಾಲಿನಲ್ಲಿ. ಆ ವರ್ಷ ಇವರು ಕಂಪನಿ ಹೇಳಿದಷ್ಟು ಪಂಪ್ ಮಾರಿದ್ದರು. ಅದಕ್ಕೆ ಕಂಪನಿಯವರು ಡೀಲರುಗಳಿಗೆ ಗಂಡ ಹೆಂಡತಿ ಸಮೇತ ಸಿಂಗಪುರ ತೋರಿಸಿ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಮೂರು ರಾತ್ರಿ ಕಡಲಲ್ಲಿ ತಿರುಗಿಸುತ್ತೇವೆ ಅಂದರು. ಮೊದಲು ಭಾವನವರು, ವಾರಗಿತ್ತಿ ಹೋಗೋದು ಅಂತಿತ್ತು. ವಾರಗಿತ್ತಿ, "ನಂಗೆ ತುಂಬಿದ ಹೊಳಿ ಕಂಡ್ರೇ ತಲಿ ತಿರುಗ್ತೈತೆ, ನಾ ಒಲ್ಲೆ" ಅಂದಳು. ಹಾಗಾಗಿ ನಾವು ಹೊರಟೆವು.

ಹೊರಡುವ ಮುಂಚೆ ಹರಿಹರಕ್ಕೆ ಹೋದೆ. ಅವ್ವ ನನ್ನ ತಮ್ಮನ ಜೊತೆ ಇದ್ದಳು. ತಮ್ಮ ಅಲ್ಲೇ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಅವನ ಹೆಂಡತಿ ಒಳ್ಳೆಯ ಹುಡುಗಿ, ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಅವ್ವನಿಗೆ ಆಗಲೇ ಸಕ್ಕರೆ ಕಾಯಿಲೆ. ಡಾಕ್ಟರು ಬೆಳಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದುಕೊಟ್ಟು, "ಅಜ್ಜಿ, ಏನೇ ಆಗಲಿ ಮಾತ್ರೆ ತಪ್ಪಿಸಬಾರದು, ಮಾತು ಕೊಡ್ರಿ" ಅಂದಿದ್ದರು. ಅವ್ವ ಮಾತು ಕೊಟ್ಟಿದ್ದಳು. ಅವ್ವ ಮಾತು ಕೊಟ್ಟಳೆಂದರೆ ಅದು ಕಲ್ಲಲ್ಲಿ ಕೊರೆದ ಹಾಗೆ.

"ಎಷ್ಟು ದಿನ ಹಡಗು?" ಅಂದಳು.

"ಸೋಮವಾರ ಹತ್ತಿದ್ರೆ ಗುರುವಾರ ಬೆಳಗ್ಗೆ ಇಳಿಯೋದವ್ವ."

"ಮೂರು ದಿನ ಉಪಾಸ. ಆಗ್ಲಿ ಬಿಡು."

"ಏನು ಆಗ್ಲಿ ಬಿಡು? ಸಕ್ಕರಿ ಇಟ್ಕೊಂಡು ಮೂರು ದಿನ ಉಪಾಸ ಇದ್ರೆ ನಾ ಬರೋದ್ರಾಗೆ ನೀನೇ ಹೊರಟಿರ್ತೀಯ."

"ನಾ ಹೋಗೋ ದಾರಿಗೆ ಟಿಕೀಟು ಬ್ಯಾಡ ಬಿಡು" ಅಂತ ನಕ್ಕಳು.

ಬದನೆಕಾಯಿ ಚೌಕಾಸಿ ಮಾಡಿದ ಹಾಗೆ ಅರ್ಧ ತಾಸು ಚೌಕಾಸಿ ಆಯಿತು. ಕಡೆಗೆ ಒಪ್ಪಿದಳು: ಬುಧವಾರ ರಾತ್ರಿ ತನಕ ಉಣ್ಣೋದು, ಗುರುವಾರ ಬೆಳಗ್ಗೆಯಿಂದ ನನ್ನ ಫೋನ್ ಬರುವ ತನಕ ಒಲೆ ಕಡೆ ನೋಡದೆ ಇರೋದು. "ಹತ್ತು ಗಂಟಿ ಒಳಗೆ ಮೇಷ್ಟ್ರ ಮನಿಗೆ ಫೋನ್ ಮಾಡ್ತೀನಿ" ಅಂದೆ.

"ಲಿಂಗ ಮುಟ್ಟಿ ಹೇಳು."

ಎದೆಯ ಮೇಲಿನ ಕರಡಿಗೆ ಮುಟ್ಟಿ ಹೇಳಿದೆ. ಬೆಳ್ಳಿಯ ಕರಡಿಗೆ, ಒಳಗೆ ನನ್ನ ಇಷ್ಟಲಿಂಗ. ಅವ್ವನೇ ಮಾಡಿಸಿಕೊಟ್ಟದ್ದು.

ಸಿಂಗಪುರ ಮುಟ್ಟಿದ ದಿನ ಹೋಟೆಲಿನಿಂದ ಫೋನ್ ಮಾಡಿದೆ. ಅವ್ವ ಉಂಡಳು. ಸೋಮವಾರ ಸಂಜೆ ಹಡಗು ಹತ್ತಿದೆವು. ಹಡಗು ಅಂದರೆ ನಾನು ದೋಣಿಯ ದೊಡ್ಡಣ್ಣ ಅಂದುಕೊಂಡಿದ್ದೆ. ಅದು ಏಳೆಂಟು ಅಂತಸ್ತಿನ ಲಾಡ್ಜು. ನೆಲಕ್ಕೆ ರತ್ನಗಂಬಳಿ, ಗೋಡೆಗೆ ಕನ್ನಡಿ. ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ರಾಣೇಬೆನ್ನೂರಿನ ಡೀಲರು, ಅವರ ಹೆಂಡತಿ. ಅವಳು ನನ್ನಷ್ಟೇ ವಯಸ್ಸಿನವಳು, ಬಾಯಿ ಮಾತ್ರ ನನ್ನದರ ನಾಲ್ಕು ಪಟ್ಟು. "ಗಂಡಸರು ಪಂಪ್ ಮಾರಿ ಮಾರಿ ರೈತರ ಬಾವಿ ನೀರು ಖಾಲಿ ಮಾಡ್ಯಾರ್ರಿ, ಅದಕ್ಕ ಕಂಪನಿಯವರು ಇನ್ನೂ ನೀರು ಉಳದೈತಿ ನೋಡ್ರಿ ಅಂತ ಇಲ್ಲಿ ತಂದು ತೋರಿಸಾಕ ಹತ್ಯಾರ" ಅಂದಳು. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಆ ನಗು ಈಗ ನೆನೆದರೆ ನನ್ನದಲ್ಲ ಅನಿಸುತ್ತದೆ.

ಬುಧವಾರ ನಸುಕಿನಲ್ಲಿ ನಾನು ಮಿಂದು ಪೂಜೆಗೆ ಕೂತಿದ್ದೆ. ಲಿಂಗ ಎಡ ಅಂಗೈಯಲ್ಲಿತ್ತು. ಕಾಲ ಕೆಳಗೆ ಎರಡು ದಿನದಿಂದ ಗುಂಯ್ ಅನ್ನುತ್ತಿದ್ದದ್ದು ಒಂದು ಸಲ ಕೆಮ್ಮಿದ ಹಾಗಾಗಿ ನಿಂತಿತು. ದೀಪ ಹೋಯಿತು. ಕಿಂಡಿಯಿಂದ ಬರುವ ಗಾಳಿಯೂ ನಿಂತಿತು. ಅದೇ ಕಿಂಡಿಯಿಂದ ಆಮೇಲೆ ಸುಟ್ಟ ರಬ್ಬರಿನ ವಾಸನೆ. ಪೂಜೆ ಅರ್ಧಕ್ಕೆ ಬಿಟ್ಟು ಏಳಬಾರದು, ಎದ್ದೆ. ಎಲ್ಲರನ್ನೂ ಮೇಲಿನ ಬಯಲು ಅಂತಸ್ತಿಗೆ ಕರೆದುಕೊಂಡು ಹೋಗಿ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ ಸಾಲಾಗಿ ನಿಲ್ಲಿಸಿದರು. ಎಂಜಿನ್ನಿನ ಮನೆಯಲ್ಲಿ ಬೆಂಕಿ ಎದ್ದಿತ್ತಂತೆ. ಬೆಳಗಾಗುವುದರೊಳಗೆ ಆರಿಸಿದರು. ಒಂದು ಜೀವಕ್ಕೂ ಏನೂ ಆಗಲಿಲ್ಲ. ಮಾರನೆಯ ದಿನ ವಿಭೂತಿ ಹಚ್ಚಿಕೊಳ್ಳುವಾಗ ಮೊದಲನೇ ಗೆರೆ ಅದಕ್ಕೇ ಎಳೆದೆ.

ಆದರೆ ಹಡಗು ಸತ್ತಿತ್ತು. ಎಳೆದುಕೊಂಡು ಹೋಗುವ ದೋಣಿಗಳು ಬರಬೇಕು, ಎರಡು ದಿನವೋ ಮೂರು ದಿನವೋ ಅಂದರು.

ಅಷ್ಟು ದೊಡ್ಡ ವೈಭವ ಒಂದು ದಿನದಲ್ಲಿ ಹೇಗೆ ಕೊಳೆಯಿತು ಅನ್ನೋದನ್ನು ನೋಡಿಯೇ ನಂಬಬೇಕು. ಕರೆಂಟಿಲ್ಲ ಅಂದರೆ ನೀರೂ ಇಲ್ಲ. ನೀರಿಲ್ಲ ಅಂದರೆ ಸಂಡಾಸೂ ಇಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟು, ಇದರಲ್ಲಿ ಮಾಡಿ ಕಟ್ಟಿ ಬಾಗಿಲ ಹೊರಗಿಡಿ ಅಂದರು. ರತ್ನಗಂಬಳಿಯ ಮೇಲೆ ಸಾಲಾಗಿ ಚೀಲ. ಕೋಣೆಗಳು ಕಾದ ಒಲೆಯ ಹಾಗಾದವು. ಎಲ್ಲರೂ ಹಾಸಿಗೆ ಎಳೆದುಕೊಂಡು ಬಯಲಿಗೆ ಬಂದರು. ಚಾದರ ಕಟ್ಟಿ ನೆರಳು ಮಾಡಿಕೊಂಡು ಸಂತೆಯ ಹಾಗೆ ಬಿದ್ದುಕೊಂಡರು. ಮೊನ್ನೆ ಸಂಜೆ ಕೋಟು ಹಾಕಿಕೊಂಡು ನಮ್ಮನ್ನು ಕಣ್ಣೆತ್ತಿಯೂ ನೋಡದಿದ್ದವರು ಬನಿಯನ್ನಿನಲ್ಲಿ ಬ್ರೆಡ್ಡಿಗೆ ಸಾಲು ನಿಂತರು. ತಲೆಗೆ ದಿನಕ್ಕೊಂದು ಬಾಟಲಿ ನೀರು. ಅದರಲ್ಲೇ ಒಂದು ಲೋಟ ಪೂಜೆಗೆ ತೆಗೆದಿಟ್ಟುಕೊಳ್ಳುತ್ತಿದ್ದೆ. ಮೆಟ್ಟಿಲ ಹಿಂದೆ ಮೂಡಲಕ್ಕೆ ಮುಖ ಮಾಡಿ ಕೂತರೆ ಸೂರ್ಯ ಕಡಲೊಳಗಿಂದ ನೇರ ಅಂಗೈಗೆ ಬರುತ್ತಿದ್ದ. ಅಂಥ ಪೂಜೆ ನನಗೆ ಮನೆಯಲ್ಲಿ ಎಂದೂ ಆಗಿರಲಿಲ್ಲ. ಅದೂ ಒಂದು ಉಪಕಾರ, ಎಣಿಸಿದ್ದೇನೆ. ಮನೆಯಿಂದ ತಂದ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಇದ್ದವು. ನಾವೂ, ರಾಣೇಬೆನ್ನೂರಿನವರೂ ಹಂಚಿಕೊಂಡು ತಿಂದೆವು. ನಾವು ಯಾರೂ ಉಪವಾಸ ಬೀಳಲಿಲ್ಲ. ನಾನು ದಿನಾ ಉಂಡೆ.

ನನ್ನ ಕೈಗಡಿಯಾರ ನಾನು ತಿರುಗಿಸಿರಲಿಲ್ಲ. ಹಡಗಿನ ಟೈಮು ಏನೇ ಇರಲಿ, ನನ್ನ ಕೈಯಲ್ಲಿ ಹರಿಹರದ ಟೈಮು. ಗುರುವಾರ ಅದು ಹತ್ತು ಹೊಡೆಯಿತು. ಹನ್ನೊಂದಾಯಿತು. ಅವ್ವ ಜಗಲಿಯಲ್ಲಿ ಮೇಷ್ಟ್ರ ಕಾಂಪೌಂಡ್ ಕಡೆ ಕಿವಿ ಇಟ್ಟು ಕೂತಿರುತ್ತಾಳೆ. ನನಗೆ ಅದೊಂದೇ ಕಣ್ಣ ಮುಂದೆ. ಯಜಮಾನರಿಗೆ ಹೇಳಿದರೆ, "ಹಡಗು ಮುಳುಗೋ ಚಿಂತಿ ಬಿಟ್ಟು ನಿಂಗೆ ನಿಮ್ಮವ್ವನ ಊಟದ ಚಿಂತಿ" ಅಂದರು.

ಹನ್ನೆರಡೂವರೆಗೆ ಕಂಪನಿಯ ಆಫೀಸರು ಬಂದು, ಮೇಲೆ ಕ್ಯಾಪ್ಟನ್ನರ ಕೋಣೆಯ ಹತ್ತಿರ ಸ್ಯಾಟಲೈಟ್ ಫೋನ್ ಒಂದಿದೆ, ನಮ್ಮ ಗುಂಪಿಗೆ ಅರ್ಧ ಗಂಟೆ ಕೊಟ್ಟಿದ್ದಾರೆ, ಒಂದು ಜೋಡಿಗೆ ಒಂದೇ ಕರೆ, ಎರಡು ನಿಮಿಷ ಅಂದರು. ನನಗೆ ಶಿವನೇ ಬಂದು ಹೇಳಿದ ಹಾಗಾಯಿತು. ಮೇಷ್ಟ್ರ ಮನೆಯ ನಂಬರನ್ನು ವಿಭೂತಿಯ ಪೊಟ್ಟಣದ ಮೇಲೆ ಬರೆದಿಟ್ಟುಕೊಂಡಿದ್ದೆ. ಅದನ್ನು ಹಿಡಿದುಕೊಂಡೇ ಸಾಲಿನಲ್ಲಿ ನಿಂತೆ.

"ರೀ, ಹರಿಹರಕ್ಕೆ ಮಾಡ್ರಿ. ನಂಬರು ಇಲ್ಲೈತೆ ನೋಡ್ರಿ."

"ಇರೋದೇ ಒಂದು ಕರೆ. ಅಂಗಡಿಗೆ ಮಾಡಿದ್ರೆ ಎಲ್ಲರಿಗೂ ಮುಟ್ತೈತೆ. ಅಣ್ಣನ ಕಡೆ ಹೇಳಿಸ್ತೀನಿ."

"ಮರೀಬ್ಯಾಡ್ರಿ. ಅವ್ವ ಉಂಡಿರಲ್ಲ."

"ಆತು ಬಿಡೆ, ಒಂದು ಮಾತು ಎಷ್ಟು ಸಲ?"

ನಮಗಿಂತ ಮುಂದೆ ರಾಣೇಬೆನ್ನೂರಿನವರು. ಆ ಮನುಷ್ಯ ತಾನು "ಆರಾಮ ಅದೀವಿ" ಅಂದವನೇ ಫೋನನ್ನು ಹೆಂಡತಿ ಕೈಗೆ ಕೊಟ್ಟ. ಅವಳು ಕಡಲೆಲ್ಲ ಕೇಳುವ ಹಾಗೆ ಕೂಗಿ, "ಬೆಕ್ಕಿಗೆ ಹಾಲು ಹಾಕಾಕ ಹತ್ತೀರಿಲ್ಲೋ? ಅದರ ಬಟ್ಟಲು ಹಿತ್ತಲದಾಗ ಐತಿ" ಅಂದಳು. ಎಲ್ಲರೂ ನಕ್ಕರು.

ಆಮೇಲೆ ಇವರು. ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೆ. ಒಂದೊಂದು ಮಾತೂ ಕೇಳಿದ್ದೇನೆ. "ಅಣ್ಣ, ನಾನು. ಹಡಗು ಕೆಟ್ಟು ನಿಂತೈತೆ, ಬರೋದು ತಡ ಆಗ್ತೈತೆ. ಹಾಂ, ಹಾಂ, ಅದಿರ್ಲಿ, ಕೇಳಿಲ್ಲಿ. ಗೋಡೌನ್ ಕೀಲಿ ನನ್ನ ಬೀರುವಿನಾಗೆ ಐತೆ. ಲೋಡ್ ಬಂದ್ರೆ ಇಳಿಸಿಕೋ, ಲಾರಿ ನಿಲ್ಲಿಸ್ಕೋಬ್ಯಾಡ. ಮೂರಿಂಚಿನ ಪೈಪು ಎಡಗಡಿ ಒಟ್ಟು. ಹರಿಹರ..."

ಬಂತು ನಮ್ಮವ್ವನ ಮಾತು ಅಂದುಕೊಂಡೆ.

"...ಹರಿಹರದ ಪಾರ್ಟಿಗೆ ನಾಳೆ ಪೈಪ್ ಕಳಿಸಿಬಿಡು, ಎರಡು ಸಲ ಕೇಳ್ಯಾರೆ."

ಆಫೀಸರು ಭುಜ ಮುಟ್ಟಿ, "ಸಾಕು ಸಾರ್" ಅಂದರು. ನಾನು ಪೊಟ್ಟಣ ಹಿಡಿದ ಕೈ ಮುಂದೆ ಚಾಚಿದೆ. ಇವರು, "ನಾವು ಆರಾಮ ಅದೀವಿ, ಮನ್ಯಾಗೆ ಹೇಳು" ಅಂದರು. ಕೊಟ್ಟರು ಫೋನನ್ನು ಹಿಂದಿನವರ ಕೈಗೆ.

"ಹರಿಹರ?" ಅಂದೆ.

"ಮನ್ಯಾಗೆ ಹೇಳು ಅಂದೆನಲ್ಲ, ಅದ್ರಾಗೆ ಎಲ್ಲಾ ಬಂತು."

ಆ ಫೋನನ್ನು ನಾನು ಯಾಕೆ ಕಸಿದುಕೊಳ್ಳಲಿಲ್ಲ? ಹತ್ತು ಹನ್ನೆರಡು ಜನ ಗಂಡಸರು ನಿಂತಿದ್ದರು. ಅವರೆದುರು ಗಂಡನ ಕೈಯಿಂದ ಕಸಿದುಕೊಂಡರೆ ಇವರ ಮರ್ಯಾದೆ ಹೋಗುತ್ತದೆ ಅಂತ ಕೈ ಹಿಂದೆ ತೆಗೆದೆ. ಇವರ ಮರ್ಯಾದೆ ಉಳಿಯಿತು. ರಾಣೇಬೆನ್ನೂರಿನ ಬೆಕ್ಕಿಗೂ ಸುದ್ದಿ ಮುಟ್ಟಿತು.

ಶುಕ್ರವಾರ ಬೆಳಗ್ಗೆ ಇನ್ನೊಂದು ಬಾಗಿಲು ತೆರೆದಿತ್ತು. ಹಡಗಿನಲ್ಲಿ ಬಟ್ಟೆ ಒಗೆಯುವ ಕೆಲಸದವರೊಬ್ಬರು ಕುಂದಾಪುರದ ಕಡೆಯವರು, ಐವತ್ತು ದಾಟಿದವರು. ನಮ್ಮ ಕನ್ನಡ ಕೇಳಿ ತಾವಾಗಿಯೇ ಮಾತಾಡಿಸಿದ್ದರು. ನಾನು ಮೆಟ್ಟಿಲ ಹಿಂದೆ ಕಣ್ಣೊರೆಸಿಕೊಳ್ಳೋದು ನೋಡಿ ಏನಮ್ಮ ಅಂದರು. ಹೇಳಿದೆ.

"ಒಂದು ಉಪಾಯ ಉಂಟು" ಅಂದರು. "ಎದೆ ನೋವು ಹೇಳಿ. ನಾನು ಡಾಕ್ಟರ ಹತ್ರ ಕರ್ಕೊಂಡು ಹೋಗ್ತೇನೆ. ಜೋರು ನೋವಿದ್ದವರಿಗೆ ಮನೆಗೆ ಒಂದು ಫೋನು ಮಾಡ್ಲಿಕ್ಕೆ ಬಿಡ್ತಾರೆ. ನಿನ್ನೆ ಇಬ್ಬರು ಮಾಡಿದ್ದಾರೆ."

"ನೋವಿಲ್ಲಲ್ಲಣ್ಣ."

"ಇಲ್ಲದಿದ್ರೆ ಏನಾಯ್ತು ಮಾರಾಯ್ರೆ, ತಾಯಿಗೆ ಅಲ್ವ?"

ಪಕ್ಕದಲ್ಲಿದ್ದ ರಾಣೇಬೆನ್ನೂರಿನಾಕೆ ನನ್ನ ತೋಳು ಅಲ್ಲಾಡಿಸಿದಳು. "ಹೋಗ್ರಿ! ಒಂದು ಸುಳ್ಳು ಹೇಳಿದ್ರ ಶಿವ ಏನು ಮೂರನೇ ಕಣ್ಣು ತೆರಿತಾನೇನು? ನಿಮಗ ನಾಚಿಕಿ ಆದ್ರ ನಾ ಹೇಳ್ತೀನಿ ಎದಿನೋವು ಅಂತ."

ನಾನು ಕರಡಿಗೆ ಮುಟ್ಟಿಕೊಂಡೆ. ಎದೆಯ ಮೇಲೆ ಲಿಂಗ ಇಟ್ಟುಕೊಂಡು ಅದೇ ಎದೆಯಲ್ಲಿ ಇಲ್ಲದ ನೋವು ಹೇಳೋದು ಹೇಗೆ? ಭಾವನವರು ಹೇಳಿ ಕಳಿಸಿರುತ್ತಾರೆ, ಹದಿನಾಲ್ಕು ಕಿಲೋಮೀಟರ್ ಏನು ಮಹಾ ಅಂದುಕೊಂಡೆ. "ಬ್ಯಾಡ ಬಿಡ್ರಿ, ಸುದ್ದಿ ಮುಟ್ಟಿರ್ತೈತೆ" ಅಂದೆ. ಆ ಅಣ್ಣ, "ನಿಮ್ಮಿಷ್ಟ ಅಮ್ಮ" ಅಂತ ಹೋದರು.

ಶನಿವಾರ ಸಂಜೆ ನಮ್ಮ ಹಡಗನ್ನು ಎಳೆದುಕೊಂಡು ಹೋಗಿ ಬಂದರಿಗೆ ಹಚ್ಚಿದರು. ನೆಲಕ್ಕೆ ಕಾಲಿಟ್ಟವಳೇ ಫೋನ್ ಎಲ್ಲಿ ಅಂತ ಓಡಿದೆ. ಈ ಸಲ ಇವರು ತಡೆಯಲಿಲ್ಲ. ಮೇಷ್ಟ್ರ ಹೆಂಡತಿ ಎತ್ತಿದರು.

"ಯಾರು? ಅಯ್ಯೋ ಶಿವನೆ, ನೀನಾ? ಜೀವಂತ ಇದೀಯೇನವ್ವಾ? ಎರಡು ದಿನದಿಂದ ಹಿಂಗೆ ಫೋನ್ ಹತ್ರಾನೆ ಕುಂತಿದ್ದೆ."

"ಅವ್ವನ್ನ ಕರೀರಿ ಅಮ್ಮಾ."

ಅವರು ಮೇಷ್ಟ್ರನ್ನು ಕೂಗಿದ್ದು ಕೇಳಿಸಿತು. ಆಮೇಲೆ, "ಬೆಳಗ್ಗೆ ಬಿದ್ದುಬಿಟ್ಲವ್ವ. ಎಚ್ಚರಾನೇ ಇರಲಿಲ್ಲ. ದಾವಣಗೆರಿ ಆಸ್ಪತ್ರಿಗೆ ಒಯ್ದಾರೆ" ಅಂದರು.

ಆ ಹದಿನಾಲ್ಕು ಕಿಲೋಮೀಟರನ್ನು ಅವ್ವ ಎಚ್ಚರವಿಲ್ಲದೆ ಬಂದಿದ್ದಳು.

ಊರು ಸೇರಿದ ಮೇಲೆ ಒಂದೊಂದೇ ತಿಳಿಯಿತು. ಗುರುವಾರ ಬೆಳಗ್ಗೆಯಿಂದ ಅವ್ವ ಉಂಡಿರಲಿಲ್ಲ. ತಮ್ಮನ ಹೆಂಡತಿ ತಟ್ಟೆ ಕೊಟ್ಟರೆ, "ಹಿತ್ತಲಾಗೆ ಗಾಳಿಗೆ ಕುಂತು ಉಣ್ತೀನಿ" ಅಂತ ಒಯ್ದು ಹಸುವಿಗೆ ಹಾಕಿದ್ದಾಳೆ. "ಖಾಲಿ ತಟ್ಟಿ ತಂದು ಇಡ್ತಿದ್ರು ಅಕ್ಕ, ನಾನು ಉಂಡಾರೆ ಅಂದ್ಕೊಂಡೆ" ಅಂತ ಆ ಹುಡುಗಿ ಗೋಡೆಗೆ ತಲೆ ಕೊಟ್ಟು ಅತ್ತಳು. ಆದರೆ ಮಾತ್ರೆ? ಮಾತ್ರೆ ಒಂದೂ ತಪ್ಪಿಸಿರಲಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು, ಒಂದು ಗುಟುಕು ನೀರಿನ ಜೊತೆ. ಡಾಕ್ಟರಿಗೆ ಮಾತು ಕೊಟ್ಟಿದ್ದಳು, ನನಗಾಗಿ ದೇವರಿಗೂ ಕೊಟ್ಟಿದ್ದಳು. ಎರಡೂ ಮಾತು ಉಳಿಸಿಕೊಂಡಳು. "ಮಾತ್ರೆ ಬಿಟ್ಟು ಉಪವಾಸ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ" ಅಂದರು ಆಸ್ಪತ್ರೆಯ ಡಾಕ್ಟರು. "ಹೊಟ್ಟೆಗಿಲ್ಲದೆ ಮಾತ್ರೆ ನುಂಗಿ ರಕ್ತದ ಸಕ್ಕರೆ ತಳ ಮುಟ್ಟಿದೆ. ಮಿದುಳಿಗೆ ಪೆಟ್ಟಾಗಿದೆ."

ನನ್ನ ತಮ್ಮ ದಾವಣಗೆರೆಯ ನಮ್ಮ ಅಂಗಡಿಗೆ ಫೋನ್ ಮಾಡಬೇಕೆಂದು ಎಸ್‌ಟಿಡಿ ಬೂತಿನ ತನಕ ಹೋಗಿದ್ದನಂತೆ. ಅವ್ವನೇ ಬೈದು ವಾಪಸ್ಸು ಕರೆಸಿದ್ದಳು. "ಬೀಗರ ಅಂಗಡಿಗೆ ಹಂಗೆ ಫೋನ್ ಮಾಡಿ ಮಾಡಿ ಕೇಳಬಾರ್ದು. ತವರಿನವರು ಹಗುರಾದ್ರೆ ಮಗಳು ಹಗುರಾಗ್ತಾಳೆ."

ಇನ್ನು ದಾವಣಗೆರೆ. ನಾವು ಆರಾಮ ಇದ್ದೇವೆ ಅಂತ ಗುರುವಾರ ಮಧ್ಯಾಹ್ನವೇ ಆನೆಕೊಂಡದ ಮನೆಗೆ ಗೊತ್ತಿತ್ತು. ಎಲ್ಲರೂ ಉಂಡು ಮಲಗಿದ್ದರು. ಶುಕ್ರವಾರ ಅಂಗಡಿಯ ಟೆಂಪೋ ಹರಿಹರಕ್ಕೆ ಹೋಗಿ ಪೈಪ್ ಇಳಿಸಿ ಬಂದಿತ್ತು. ಪೈಪ್ ತರಿಸಿಕೊಂಡವರ ಅಂಗಡಿಗೂ ನಮ್ಮವ್ವನ ಮನೆಗೂ ನಡುವೆ ಎರಡು ಓಣಿ. ಡ್ರೈವರಿಗೆ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು. ಕಡಲ ನಡುವಿನಿಂದ ಎರಡು ನಿಮಿಷದಲ್ಲಿ ಬಂದ ಸುದ್ದಿ ಬಾತಿ ದಾಟಿ ಆಚೆಗೆ ಹೋಗಲಿಲ್ಲ.

ವಾರಗಿತ್ತಿ ಆಸ್ಪತ್ರೆಗೆ ಬಂದು ನನ್ನ ಪಕ್ಕ ಕೂತಳು. "ನಿಮ್ಮವ್ವ ಉಪಾಸ ಕುಂತಾಳೆ ಅಂತ ನಮಗೆ ಹೆಂಗೆ ಗೊತ್ತಾಗಬೇಕು ಹೇಳು? ಈ ಕಾಲದಾಗೆ ಯಾರು ಹಂಗೆ ಮಾಡ್ತಾರೆ? ಅದ್ರಾಗೂ ಹಡಗಿನ ಸುಖ ಉಂಡು ಬಂದೋಳು ನೀನು, ನಮ್ಮ ಮ್ಯಾಲೆ ಮುಖ ಊದಿಸ್ಕೊಂಡ್ರೆ..." ನಾನು ಅವ್ವನ ಕೈ ಒತ್ತುತ್ತ ಕೂತಿದ್ದೆ.

ಇವರು ಎಲ್ಲರ ಮುಂದೆ, "ನಾ ಹೇಳಿದ್ದೆ, ಅಣ್ಣ ಮರ್ತಾನೆ" ಅಂದರು. ಭಾವನವರು, "ನೀ ಪೈಪಿನ ಮಾತು ಬಿಟ್ಟು ಏನೂ ಹೇಳಲಿಲ್ಲ" ಅಂದರು. ಇಬ್ಬರ ಕಣ್ಣೂ ನನ್ನ ಮೇಲೆ. ಒಂದು ಮೊಳ ದೂರದಲ್ಲಿ ನಿಂತು ಕೇಳಿದವಳು ನಾನೊಬ್ಬಳೇ. ನನ್ನ ತಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಕ್ಕಾ, ಭಾವ ಹಡಗಿನಿಂದ ಹರಿಹರಕ್ಕೆ ಹೇಳು ಅಂದಿದ್ದು ಹೌದೇನು?"

"ಗದ್ಲದಾಗೆ ನಂಗೆ ಸರಿಯಾಗಿ ಕೇಳಿಸ್ಲಿಲ್ಲಪ್ಪ" ಅಂದೆ.

ಲಿಂಗ ಎದೆಯ ಮೇಲೇ ಇತ್ತು. ತಾಯಿಗಾಗಿ ಹೇಳಲಾರದ ಸುಳ್ಳನ್ನು ಗಂಡನಿಗಾಗಿ ಹೇಳಿದೆ, ಒಂದು ಉಸಿರು ಸಹ ತಡೆಯದೆ. ಇದನ್ನು ಶಿವ ಹೇಗೆ ಬರೆದುಕೊಂಡಿದ್ದಾನೋ ಗೊತ್ತಿಲ್ಲ. ನಾನಂತೂ ಮರೆತಿಲ್ಲ.

ಅವ್ವ ಉಳಿದಳು. ಅದು ಉಪಕಾರವೇ. ಕೈಕಾಲು ಆಡುತ್ತಿದ್ದವು, ನಾಲಿಗೆ ತಿರುಗುತ್ತಿತ್ತು. ನಾನು ಅವಳನ್ನು ಆನೆಕೊಂಡದ ಮನೆಗೇ ಕರೆದುಕೊಂಡು ಬಂದೆ. ಇವರು ಒಂದೂ ಮಾತಾಡದೆ ಮುಂದಿನ ಕೋಣೆ ಖಾಲಿ ಮಾಡಿಸಿಕೊಟ್ಟರು. ಅದನ್ನೂ ಒಂದು ಗೆರೆಗೆ ಹಾಕಿಕೊಂಡಿದ್ದೇನೆ, ಇಲ್ಲ ಅನ್ನಬಾರದು. ಆದರೆ ಅವ್ವನ ಲೆಕ್ಕದಲ್ಲಿ ಆ ಗುರುವಾರ ಮುಗಿಯಲೇ ಇಲ್ಲ.

ತಟ್ಟೆ ಮುಂದಿಟ್ಟರೆ ಎರಡೂ ಕೈಯಿಂದ ಆಚೆ ಸರಿಸುತ್ತಿದ್ದಳು. "ನೀ ಯಾರ ಮನಿಯಾಕಿನೋ ಏನೋ, ಬಾಳ ಒಳ್ಳ್ಯಾಕಿ. ಆದ್ರೆ ನಾ ಉಣ್ಣಂಗಿಲ್ಲವ್ವ. ನನ್ನ ಮಗಳು ಹಡಗು ಹತ್ಯಾಳೆ. ಮುಟ್ಟಿದ ಸುದ್ದಿ ಬಂದಿಲ್ಲ."

"ನಾನೇ ಅವ್ವಾ ನಿನ್ನ ಮಗಳು, ನೋಡಿಲ್ಲಿ, ಬಂದೀನಿ" ಅಂತ ಮೊದಮೊದಲು ಅಳುತ್ತಿದ್ದೆ. ಅವ್ವ ನನ್ನ ಮುಖ ನೋಡಿ ಅಪ್ಪಟ ಅನುಕಂಪದಿಂದ, "ಪಾಪ, ನಿನಗೂ ಅವ್ವ ಇಲ್ಲೇನು?" ಅನ್ನುತ್ತಿದ್ದಳು.

ಆಮೇಲೆ ಕಲಿತೆ. ತಟ್ಟೆ ಇಟ್ಟು ಹೊರಗೆ ಹೋಗುವುದು. ಬಾಗಿಲ ಹೊರಗೆ ಹತ್ತು ಉಸಿರು ನಿಲ್ಲುವುದು. ಒಳಗೆ ಬಂದು, "ಫೋನ್ ಬಂದಿತ್ತು ನೋಡ್ರಿ, ನಿಮ್ಮ ಮಗಳು ಮುಟ್ಟಿದಾಳಂತೆ" ಅನ್ನುವುದು.

"ಹೌದಾ? ಆರಾಮ ಇದಾಳಂತಾ?"

"ಆರಾಮ ಇದಾಳಂತೆ."

"ಉಂಡಳಂತಾ?"

"ಉಂಡಳಂತೆ."

"ಹಂಗಾರೆ ತಗೊಂಡು ಬಾರವ್ವ" ಅಂತ ಅವ್ವ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಿದ್ದಳು. ದಿನಕ್ಕೆ ಎರಡು ಸಲ. ಎರಡು ವರ್ಷ.

ಒಂದು ದಿನ ನನಗೆ ಚಳಿಜ್ವರ. ಏಳಲಾಗದೆ ಒಳಗಿನ ಕೋಣೆಯಲ್ಲಿ ಬಿದ್ದಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಇವರು ಅಂಗಡಿಯಿಂದ ಬಂದರು. ಅವ್ವನಿಗೆ ತಟ್ಟೆ ಬಡಿಸಿ ಇಟ್ಟರು. ಬಾಗಿಲು ತೆರೆದೇ ಇತ್ತು, ನನಗೆ ಕಾಣುತ್ತಿತ್ತು. ಅವ್ವ ತಟ್ಟೆ ಸರಿಸಿ ತಲೆಯೆತ್ತಿದಳು.

"ನೀವು ಯಾರಪ್ಪ? ಹರಿಹರದಿಂದ ಬಂದ್ರೇನು? ನನ್ನ ಮಗಳ ಸುದ್ದಿ ಏನಾದ್ರೂ ತಂದ್ರೇನು?"

ಇವರು ನಿಂತೇ ಇದ್ದರು. ನಾನು ಹಾಸಿಗೆಯಿಂದ ಹೇಳಿಕೊಡಬಹುದಿತ್ತು. ಹೇಳಿಕೊಡಲಿಲ್ಲ. ಎಷ್ಟು ಹೊತ್ತೋ ಆದ ಮೇಲೆ, "ಸುದ್ದಿ ಬಂತು ಅತ್ತೆ" ಅಂದರು. ಅದು ಅಂಗಡಿಯ ದನಿ ಆಗಿರಲಿಲ್ಲ. "ನಿಮ್ಮ ಮಗಳು... ಮುಟ್ಟಿದಾಳಂತೆ. ತಡ ಆತು ಹೇಳೋದು."

ಅವ್ವ ಎರಡೂ ಕೈ ಎತ್ತಿ ಅವರ ಮುಖ ಸವರಿ ತನ್ನ ಹಣೆಗೆ ಒತ್ತಿಕೊಂಡು ನೆಟಿಗೆ ಮುರಿದಳು. "ತಡ ಆದ್ರೇನಪ್ಪ, ಅಷ್ಟು ದೂರದಿಂದ ನೆನಪಿಟ್ಟು ಬಂದು ಹೇಳಿದಿ. ಬಾಳ ಉಪಕಾರ ಆತು. ನಿನ್ನ ಹೊಟ್ಟಿ ತಣ್ಣಗಿರ್ಲಿ. ಕುಂದ್ರು, ನೀನೂ ಉಣ್ಣು."

ಅವ್ವ ಆವತ್ತು ಎರಡು ರೊಟ್ಟಿ ಉಂಡಳು. ಇವರು ಹೊರಗೆ ಕಟ್ಟೆಯ ಮೇಲೆ ಕೂತವರು ಅಂಗಡಿಯ ಹೊತ್ತಾಗುವ ತನಕ ಒಳಗೆ ಬರಲಿಲ್ಲ. ಅವರ ತಟ್ಟೆ ಮುಚ್ಚಿದ ಹಾಗೇ ಇತ್ತು. ನಾನು ಕರೆಯಲಿಲ್ಲ.